ಇಲಿಯ ಎಲುಬನ್ನು ಅಳೆಯುವುದು ಹೇಗೆ?

ಮಕ್ಕಳೇ, ರಾಜೋಳಿ ತುಂಗಭದ್ರೆಯ ದಡದ ಊರು. ಅಲ್ಲಿ ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ. ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ? ನೂಲು ಒತ್ತಾಗಿದ್ದರೆ ಬೆಳಕು ಸ್ವಲ್ಪವೇ ಹಾಯುತ್ತದೆ, ತೆಳುವಾಗಿದ್ದರೆ ಹೆಚ್ಚು ಹಾಯುತ್ತದೆ. ವಿಜ್ಞಾನಿಗಳು ಎಲುಬನ್ನೂ ಹೀಗೆಯೇ ನೋಡುತ್ತಾರೆ. ಅವರು ಬಳಸುವ ಬೆಳಕು ಮಾತ್ರ ಬೇರೆ, ಅದು ಕ್ಷ-ಕಿರಣ.

ಎಲುಬು ಹೊರಗೆ ಗಟ್ಟಿ. ಅದರ ತುದಿಗಳ ಒಳಗೆ ಸಣ್ಣ ಸಣ್ಣ ಕಡ್ಡಿಗಳ ಜಾಲವಿದೆ. ವಯಸ್ಸಾದಂತೆ ಈ ಜಾಲ ಸವೆಯುತ್ತದೆ. ಆದ್ದರಿಂದಲೇ ನೀವು ಬಿದ್ದರೆ ಮೊಣಕಾಲು ತರಚುತ್ತದೆ, ಅಜ್ಜಿ ಬಿದ್ದರೆ ಸೊಂಟದ ಎಲುಬೇ ಮುರಿಯಬಹುದು. ಈ ಸವೆತವನ್ನು ಮನುಷ್ಯರಲ್ಲಿ ಮೊದಲಿನಿಂದ ನೋಡಬೇಕಾದರೆ ಹತ್ತಾರು ವರ್ಷ ಕಾಯಬೇಕು. ಪ್ರಯೋಗಾಲಯದ ಪುಟ್ಟ ಇಲಿಗೆ ಎರಡೇ ವರ್ಷದಲ್ಲಿ ಮುಪ್ಪು ಬರುತ್ತದೆ!

ಇಲಿಯನ್ನು ತೂಗಿದರೆ ಸಾಲದೇ? ಸಾಲದು. ಎರಡು ಇಲಿಗಳು ತಲಾ 30 ಗ್ರಾಂ ಇವೆ ಎನ್ನೋಣ. ಎಳೆಯ ಇಲಿಯಲ್ಲಿ ಮಾಂಸಖಂಡ ಹೆಚ್ಚು. ಮುದಿ ಇಲಿಯಲ್ಲಿ ಮಾಂಸಖಂಡ ಕರಗಿ ಕೊಬ್ಬು ಸೇರಿರಬಹುದು. ತಕ್ಕಡಿಗೆ ಇದು ತಿಳಿಯದು.

ಹಿಂದೆ ಇಲಿಯನ್ನು ಕೊಂದು, ಎಲುಬನ್ನು ಸುಟ್ಟು, ಉಳಿದ ಬೂದಿಯನ್ನು ತೂಗುತ್ತಿದ್ದರು. ಒಂದು ಇಲಿಯನ್ನು ಒಮ್ಮೆ ಮಾತ್ರ ಅಳೆಯಬಹುದಿತ್ತು. ಈಗ ಇಲಿಗೆ ಅರಿವಳಿಕೆ ಕೊಟ್ಟು ಯಂತ್ರದ ಮೇಲೆ ಮಲಗಿಸುತ್ತಾರೆ. ಯಂತ್ರವು ಕಡಿಮೆ ಶಕ್ತಿಯ ಮತ್ತು ಹೆಚ್ಚು ಶಕ್ತಿಯ ಎರಡು ಬಗೆಯ ಕ್ಷ-ಕಿರಣಗಳನ್ನು ಹಾಯಿಸುತ್ತದೆ. ಎಲುಬು, ಮಾಂಸಖಂಡ, ಕೊಬ್ಬು ಇವು ಆ ಕಿರಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡೆಯುತ್ತವೆ. ಕಂಪ್ಯೂಟರ್ ಅದನ್ನು ಹೋಲಿಸಿ, ಯಾವುದು ಎಷ್ಟಿದೆಯೆಂದು ಲೆಕ್ಕ ಹಾಕುತ್ತದೆ. ಕೆಲವೇ ನಿಮಿಷಗಳ ಕೆಲಸ. ಇಲಿ ಎಚ್ಚರಗೊಂಡು ತನ್ನ ಗೂಡಿಗೆ ಹೋಗುತ್ತದೆ. ಅದೇ ಇಲಿಯನ್ನು 6, 12, 18, 24 ತಿಂಗಳಿಗೆ ಮತ್ತೆ ಅಳೆಯಬಹುದು. ಇದು ದೊಡ್ಡ ಅನುಕೂಲ.

ಹೈದರಾಬಾದಿನ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಆರಂಭವಾದ ಈ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂತು. ಆಹಾರವು ದೇಹವನ್ನು ಹೇಗೆ ಬದಲಿಸುತ್ತದೆಂದು ತಿಳಿಯಲು ಅಲ್ಲಿ ಇಲಿಗಳನ್ನು ಸಾಕುತ್ತಾರೆ. ಹುಟ್ಟಿನಿಂದಲೇ ಬೊಜ್ಜು ಬೆಳೆಸಿಕೊಳ್ಳುವ ಗುಣದ ದೊಡ್ಡ ಇಲಿಗಳ ಒಂದು ತಳಿ ಅಲ್ಲಿಯೇ ಕಂಡುಬಂತು. ಇಂಥ ಇಲಿಯ ತೂಕದಲ್ಲಿ ಕೊಬ್ಬೆಷ್ಟು ಎಂಬುದೇ ಮುಖ್ಯ ಪ್ರಶ್ನೆ.

ಆದರೆ ಇಲಿ ನಮ್ಮಂತೆ ಎರಡು ಕಾಲಿನ ಮೇಲೆ ನಡೆಯುವುದಿಲ್ಲ. ಅದರ ತೊಡೆಯೆಲುಬಿನ ಜಾಲವಂತೂ ಎರಡು-ಮೂರು ತಿಂಗಳ ಪ್ರಾಯದಿಂದಲೇ ಸವೆಯತೊಡಗುತ್ತದೆ. ಆದುದರಿಂದ ಇಲಿಯಲ್ಲಿ ಫಲಿಸಿದ ಔಷಧಿಯನ್ನು ಒಡನೆಯೇ ಅಜ್ಜಿಗೆ ಕೊಡುವುದಿಲ್ಲ. ಮನುಷ್ಯರಲ್ಲಿ ಬೇರೆಯಾಗಿ ಪರೀಕ್ಷಿಸುತ್ತಾರೆ. ಅದಕ್ಕೂ ಇಂಥದೇ ಯಂತ್ರ ಬೇಕು, ಮಂಚದಷ್ಟು ಉದ್ದದ್ದು.