ಸಿಂಗಾಪುರದ ಬೀದಿ ಅಡುಗೆ

ಮಲಯ ಪರ್ಯಾಯ ದ್ವೀಪದ ದಕ್ಷಿಣ ತುದಿಯಲ್ಲಿರುವ ಸಿಂಗಾಪುರವು ಒಂದು ಪುಟ್ಟ ದ್ವೀಪರಾಷ್ಟ್ರ. 1819ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಇಲ್ಲಿ ವ್ಯಾಪಾರದ ನೆಲೆಯೊಂದನ್ನು ಸ್ಥಾಪಿಸಿದ ಮೇಲೆ ಚೀನಾ, ಭಾರತ ಮತ್ತು ಸುತ್ತಲಿನ ದ್ವೀಪಗಳಿಂದ ಜನರು ಜೀವನೋಪಾಯವನ್ನು ಅರಸಿ ಬಂದರು. ಅವರಲ್ಲಿ ಅನೇಕರು ಸಂಸಾರವನ್ನು ಊರಿನಲ್ಲಿ ಬಿಟ್ಟು ಬಂದ ಕೂಲಿಗಾರರು. ಅಡುಗೆಮನೆಯಿಲ್ಲದ ಈ ದುಡಿಮೆಗಾರರ ಹಸಿವನ್ನು ತಣಿಸಿದವರು ಹೆಗಲ ಮೇಲೆ ಅಡ್ಡೆ ಹೊತ್ತು, ಗಾಡಿ ತಳ್ಳಿ ಬೀದಿಬೀದಿ ತಿರುಗುತ್ತಿದ್ದ ತಿನಿಸಿನ ವ್ಯಾಪಾರಿಗಳು. ಅವರಿಗೆ ಅಲ್ಲಿ ‘ಹಾಕರ್’ ಎಂದು ಹೆಸರು.

ನಗರವು ಬೆಳೆದಂತೆ ತೊಂದರೆಗಳೂ ಬೆಳೆದವು. ಬೀದಿಯಲ್ಲಿ ನಲ್ಲಿಯಿರಲಿಲ್ಲ; ಒಂದೇ ಬಕೀಟಿನ ನೀರಿನಲ್ಲಿ ಎಷ್ಟೋ ತಟ್ಟೆಗಳು ತೊಳೆಯಲ್ಪಡುತ್ತಿದ್ದವು. ಎಂಜಲು ಚರಂಡಿಗೆ ಬಿದ್ದು ನದಿಯನ್ನು ಸೇರುತ್ತಿತ್ತು. ಕಾಲರಾ, ವಿಷಮಶೀತ ಜ್ವರಗಳ ಭಯ ತಪ್ಪಿದ್ದಲ್ಲ. ಇವರನ್ನು ಓಡಿಸಿಬಿಡುವುದು ಸುಲಭವಾಗಿತ್ತು. ಆದರೆ ಹಾಗೆ ಮಾಡಿದರೆ ಸಾವಿರಾರು ಕುಟುಂಬಗಳ ಅನ್ನವೂ ಬಡವರ ಅಗ್ಗದ ಊಟವೂ ಒಟ್ಟಿಗೇ ಹೋಗುತ್ತಿದ್ದವು. ಆದ್ದರಿಂದ ಸರಕಾರವು 1968 ಮತ್ತು 1969ರಲ್ಲಿ ಹಾಕರುಗಳ ಹೆಸರುಗಳನ್ನು ನೋಂದಾಯಿಸಿತು. 1971ರಿಂದ 1986ರವರೆಗೆ ನೀರು, ವಿದ್ಯುತ್ತು, ಚರಂಡಿಗಳ ಸೌಕರ್ಯವುಳ್ಳ ಕೇಂದ್ರಗಳನ್ನು ಕಟ್ಟಿಸಿ ಅವರನ್ನು ಅಲ್ಲಿಗೆ ಸಾಗಿಸಿತು. ಇಂದು ಅಂತಹ ಕೇಂದ್ರಗಳು ನೂರಕ್ಕೂ ಹೆಚ್ಚಾಗಿವೆ.

ಅಲ್ಲಿನ ತಟ್ಟೆಗಳಲ್ಲಿ ನಾಡಿನ ಚರಿತ್ರೆಯನ್ನೇ ಕಾಣಬಹುದು. ಹೈನಾನ್ ದ್ವೀಪದಿಂದ ಬಂದ ಚೀನೀಯರು ಕೋಳಿಯನ್ನು ಹದವಾಗಿ ಬೇಯಿಸಿ, ಅದೇ ರಸದಲ್ಲಿ ಶುಂಠಿ, ಬೆಳ್ಳುಳ್ಳಿಗಳೊಡನೆ ಅನ್ನವನ್ನು ಮಾಡುತ್ತಾರೆ. ಮಲಯರು ಮಾಂಸದ ತುಂಡುಗಳನ್ನು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಟ್ಟು, ಕಡಲೆಕಾಯಿಯ ಗೊಜ್ಜಿನೊಡನೆ ಕೊಡುವ ತಿನಿಸು ‘ಸಾತೆ’. ತಮಿಳರು ಒಯ್ದ ಪರೋಟವು ಅಲ್ಲಿ ‘ಪ್ರಾಟ’ ಎನಿಸಿಕೊಂಡಿದೆ. ಚೀನೀಯರ ಶಾವಿಗೆಯೂ ಮಲಯರ ತೆಂಗಿನಹಾಲು, ಮಸಾಲೆಗಳೂ ಕೂಡಿ ‘ಲಕ್ಸ’ವಾಯಿತು. ಚೀನೀಯರಿಗೆ ಪ್ರಿಯವಾದ ಮೀನಿನ ತಲೆಯನ್ನು ದಕ್ಷಿಣ ಭಾರತೀಯರು ಹುಣಸೆಹುಳಿಯ ಸಾರಿನಲ್ಲಿ ಬೇಯಿಸಿದಾಗ ಎರಡು ನಾಡುಗಳಿಗೂ ಹೊಸದಾದ ಅಡುಗೆಯೊಂದು ಹುಟ್ಟಿತು.

ಪ್ರವಾಸಿಗನು ಮೊದಲು ಲಿಟಲ್ ಇಂಡಿಯಾ ಬಡಾವಣೆಯ ಟೆಕ್ಕಾ ಕೇಂದ್ರಕ್ಕೆ ಹೋಗಬಹುದು. ದೋಸೆ, ಇಡ್ಲಿಗಳು ಅಲ್ಲಿ ದೊರೆಯುತ್ತವೆ. ಸಂಜೆಯಾದರೆ ಲಾವ್ ಪಾ ಸಾತ್ ಎಂಬ ಎಂಟು ಮೂಲೆಗಳ ಹಳೆಯ ಮಾರುಕಟ್ಟೆಯ ಪಕ್ಕದ ರಸ್ತೆಯಲ್ಲಿ ಸಾತೆಯ ಒಲೆಗಳು ಹೊತ್ತಿಕೊಳ್ಳುತ್ತವೆ. ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವಿದ್ದರೆ ಅದನ್ನು ಯಾರೋ ಕಾದಿರಿಸಿದ್ದಾರೆಂದು ತಿಳಿಯಬೇಕು. ತರಕಾರಿಯ ಅಡುಗೆಯಂತೆ ಕಂಡರೂ ಅದರಲ್ಲಿ ಒಣಸೀಗಡಿ ಬೆರೆತಿರಬಹುದಾದ್ದರಿಂದ ಸಸ್ಯಾಹಾರಿಗಳು ವಿಚಾರಿಸಿಕೊಂಡೇ ತಿನ್ನಬೇಕು. ಉಂಡ ತಟ್ಟೆಯನ್ನು ತಾನೇ ಒಯ್ದು ಇಡುವುದು 2021ರಿಂದ ಕಡ್ಡಾಯವಾಗಿದೆ. ಹಲಾಲ್ ಅಂಗಡಿಗಳ ತಟ್ಟೆಗಳಿಗೂ ಉಳಿದವುಗಳಿಗೂ ಬೇರೆ ಬೇರೆ ಸ್ಥಳಗಳಿರುತ್ತವೆ. ಹೀಗೆ ಪ್ರತಿಯೊಬ್ಬನ ಆಚಾರಕ್ಕೂ ಮನ್ನಣೆ ದೊರೆಯುವುದರಿಂದಲೇ ಎಲ್ಲರೂ ಒಂದೇ ಮೇಜಿನ ಸುತ್ತ ಸಂಕೋಚವಿಲ್ಲದೆ ಕುಳಿತುಕೊಳ್ಳಬಲ್ಲರು.

2020ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ಇದರ ಭವಿಷ್ಯವು ನಿಶ್ಚಿಂತವಾಗಿಲ್ಲ. ಒಲೆಯ ಮುಂದೆ ನಿಂತಿರುವವರಲ್ಲಿ ಬಹುಮಂದಿ ಅರುವತ್ತರ ಆಸುಪಾಸಿನವರು. ನಸುಕಿನಲ್ಲೆದ್ದು ದಿನವಿಡೀ ಬೆಂಕಿಯೆದುರು ದುಡಿಯುವ ಈ ಕಸುಬಿಗೆ ಓದಿದ ಮಕ್ಕಳು ಬರಲೊಲ್ಲರು. ಊಟವು ಅಗ್ಗವಾಗಿರಬೇಕೆಂದು ಜನರು ಬಯಸುತ್ತಾರೆ. ಸಾಮಗ್ರಿಗಳ ಬೆಲೆ ಮಾತ್ರ ಏರುತ್ತಲೇ ಇದೆ. ಹೊಸಬರಿಗೆ ತರಬೇತಿ ನೀಡುವ ಪ್ರಯತ್ನವು ಅಲ್ಲಿ ನಡೆದಿದೆ. ಎಲ್ಲ ಜಾತಿಮತದವರನ್ನೂ ಒಂದೆಡೆ ಕೂಡಿಸಿದ ಆ ಒಲೆ ಆರದಿರಬೇಕಾದರೆ, ಅನ್ನದ ರುಚಿಯನ್ನು ಮೆಚ್ಚುವವರು ಅದನ್ನು ಬೇಯಿಸುವವರ ಶ್ರಮಕ್ಕೂ ತಕ್ಕ ಬೆಲೆಯನ್ನು ಕೊಡಬೇಕಾಗುತ್ತದೆ.