ಖಾಲಿ ಕಣ, ತುಂಬಿದ ಡಿಸ್ಕ್

ಜನವರಿಯಲ್ಲಿ ಮೂಡಿಗೆರೆ ಕಡೆಯ ಕಣಗಳ ತುಂಬ ಕಾಫಿ ಒಣಗುತ್ತಿರುತ್ತದೆ. ಕಳ್ಳರ ಭಯಕ್ಕೆ ಮೂಲೆಯಲ್ಲೊಂದು ಸಿ.ಸಿ. ಕ್ಯಾಮೆರಾ. ಆಷಾಢ ಬಂದರೆ ಅದೇ ಕಣದಲ್ಲಿ ಪಾಚಿ ಬಿಟ್ಟು ಕಾಯಲು ಏನೂ ಇರದು. ಆದರೂ ರೆಕಾರ್ಡಿಂಗ್ ಡಿಸ್ಕ್ ಬೇಗ ತುಂಬುವುದು ಆಷಾಢದಲ್ಲೇ.

ಇದು ವಿಡಿಯೊ ಕುಗ್ಗಿಸುವ ತಂತ್ರಾಂಶವಾದ ಕೋಡೆಕ್‌ನ ಪೇಚಾಟ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿರುತ್ತವೆ. ಚುಕ್ಕಿಗೆ 3 ಬೈಟ್, ಸೆಕೆಂಡಿಗೆ 25 ಚಿತ್ರ ಎಂದು ಲೆಕ್ಕ ಹಾಕಿ: ಗಂಟೆಗೆ ಸುಮಾರು 560 ಜಿಬಿ! ಅಷ್ಟನ್ನೂ ಇಡುವುದು ಯಾರಪ್ಪನ ಕೈಲೂ ಆಗದು. ಹಾಗಾಗಿ ಕೋಡೆಕ್ ಹಿಂದಿನ ಚಿತ್ರದಲ್ಲಿ ಇದ್ದದ್ದನ್ನು ಮತ್ತೆ ಬರೆಯುವುದಿಲ್ಲ. ಕಣದಲ್ಲಿ ನಾಯಿ ನಡೆದರೆ ‘ಈ ಚೌಕ ಇಷ್ಟು ಬಲಕ್ಕೆ ಸರಿಯಿತು’ ಎಂದು ಗುರುತು ಹಾಕಿ, ಊಹೆ ತಪ್ಪಿದಷ್ಟನ್ನೇ ದಾಖಲಿಸುತ್ತದೆ.

ಆ ತಪ್ಪಿದ್ದನ್ನು ಕುಗ್ಗಿಸುವ ಗಣಿತದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದನ್ನು ಕಂಡುಕೊಂಡವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಂದು ಯುವಿಸಿಇ ಎನ್ನುವ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್. 1972ರಲ್ಲಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಬಳಿ ಇದಕ್ಕೆ ಹಣ ಕೇಳಿದರು, ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತಂತೆ! ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಅವರು ಬರೆದ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು.

ಕಾಫಿ ಬೀಜವನ್ನು ಗಾತ್ರ ನೋಡಿ ವಿಂಗಡಿಸುವ ಜರಡಿ ಗೊತ್ತಲ್ಲ, ಇದೂ ಅಂಥದ್ದೇ. 8×8 ಚುಕ್ಕಿಗಳ ಚೌಕವನ್ನು ದೊಡ್ಡ ಅಲೆ, ಸಣ್ಣ ಅಲೆ ಎಂದು ಬೇರ್ಪಡಿಸುತ್ತದೆ. ಜರಡಿ ತಾನಾಗಿ ಏನನ್ನೂ ಎಸೆಯುವುದಿಲ್ಲ. ಕಣ್ಣಿಗೆ ಅಷ್ಟಾಗಿ ತಿಳಿಯದ ಸಣ್ಣ ಅಲೆಗಳನ್ನು ಕೈಬಿಡುವುದು ಮುಂದಿನ ಹಂತದ ಕೆಲಸ. 1988ರ ವಿಡಿಯೊ ಕೋಡೆಕ್ ಮಾನಕ ಎಚ್.261 ಇದರ ಮೇಲೆಯೇ ನಿಂತಿತು. 2003ರ ಎಚ್.264 ಇದರ ಪೂರ್ಣಾಂಕ ರೂಪವನ್ನು ಹಿಡಿಯಿತು. 2013ರ ಎಚ್.265 ಅದೇ ಗುಣಮಟ್ಟವನ್ನು ಹೆಚ್ಚುಕಮ್ಮಿ ಅರ್ಧ ಜಾಗದಲ್ಲಿ ಕೂರಿಸಿತು.

ಈ ಜಾಣತನವೆಲ್ಲ ಮಲೆನಾಡಿನ ಮಳೆಗೆ ಸೋಲುತ್ತದೆ. ಈ ಕ್ಷಣದ ಹನಿ ಹಿಂದಿನ ಚಿತ್ರದಲ್ಲಿ ಇರಲಿಲ್ಲ, ಮುಂದಿನದರಲ್ಲಿ ಇರುವುದಿಲ್ಲ. ಸಿಲ್ವರ್ ಓಕ್‌ನ ಒಂದೊಂದು ಎಲೆಯೂ ಒಂದೊಂದು ದಿಕ್ಕಿಗೆ ಹೊರಳುತ್ತದೆ. ಊಹೆ ಮೇಲಿಂದ ಮೇಲೆ ತಪ್ಪುತ್ತದೆ. ಜರಡಿಗೆ ಸುರಿದದ್ದೆಲ್ಲ ಸಣ್ಣ ಅಲೆಯೇ. ಡಿಸ್ಕ್ ಉಳಿಸಲು ಗಾತ್ರಕ್ಕೆ ಮಿತಿ ಹಾಕಿದಿರೋ, ಚಿತ್ರ ರಾಡಿಯಾಗುತ್ತದೆ.

ಕಳಸದ ಕಡೆ ಮಂಜು ಕವಿದ ಬೆಳಗಿನಲ್ಲಿ ಮಾತ್ರ ಕೋಡೆಕ್‌ಗೆ ನೆಮ್ಮದಿ. ಎಲ್ಲವೂ ಒಂದೇ ಬಿಳುಪು, ಬರೆಯಲು ಏನಿಲ್ಲ. ಕಳ್ಳ ಬಂದರೂ ಬರೆಯುವುದಿಲ್ಲ ಅನ್ನಿ.