ಗಿನಿ ಕೋಳಿಯ ಬೋಳುತಲೆಯೂ ಡ್ಯಾಂ ಸೀಮೆಯ ಚಳಿಯೂ

ಕಾರ್ತಿಕ ಕಳೆದು ತುಂಗಭದ್ರಾ (ಟಿ.ಬಿ.) ಡ್ಯಾಂ ಸುತ್ತಮುತ್ತ ಬೆಳಗಿನ ಥಂಡಿ ಬಿಗಿಯಾಗುತ್ತಿದ್ದಂತೆ, ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ತೋಟದಲ್ಲಿ ಗಿನಿ ಕೋಳಿ ಸಾಕಿದವರಿಗೆ ಮೊದಲು ಹೊಳೆಯುವ ಉಪಾಯವೆಂದರೆ ಗೂಡಿನ ಸುತ್ತ ತಾಡಪಾಲು ಬಿಗಿಯುವುದು. ಆಫ್ರಿಕಾದಿಂದ ಬಂದ ಹಕ್ಕಿ, ನಮ್ಮ ಚಳಿ ತಡೆಯಲಾರದು ಎಂಬ ಕಾಳಜಿ ಅದರ ಹಿಂದಿದೆ. ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಉಪಾಯವನ್ನು ಒಪ್ಪುವುದಿಲ್ಲ. ಈ ಸೀಮೆಯಲ್ಲಿ ಬೆಳೆದ ಗಿನಿ ಕೋಳಿಗೆ ಚಳಿಗಿಂತ ದೊಡ್ಡ ವೈರಿ ತೇವ. ಸುತ್ತಲೂ ಬಿಗಿದ ತಾಡಪಾಲು ಆ ತೇವವನ್ನೇ ಗೂಡಿನೊಳಗೆ ಕೂಡಿಹಾಕುತ್ತದೆ.

ಆಫ್ರಿಕಾ ಎಂದಾಕ್ಷಣ ಬರೀ ಬಿಸಿಲು ನೆನೆಯುವುದು ಸರಿಯಲ್ಲ. ಜೋಹಾನ್ಸ್‌ಬರ್ಗ್ ಇರುವ ಎತ್ತರದ ಹುಲ್ಲುಗಾವಲಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಳಿದು ನೆಲದ ಮೇಲೆ ಬಿಳಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಕಾಡು ಗಿನಿ ಕೋಳಿಗಳು ಅಲ್ಲೂ ಬದುಕುತ್ತವೆ. ನಮ್ಮ ದೇಶದಲ್ಲೇ ನೋಡಿ: ಕಾದಂಬರಿ, ಚಿತಂಬರಿ, ಶ್ವೇತಾಂಬರಿ ಎಂಬ ಚೆಂದದ ಹೆಸರಿನ ಮೂರು ತಳಿಗಳನ್ನು ರೂಪಿಸಿದ್ದು ಬರೇಲಿ ಬಳಿಯ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ. ಅಲ್ಲಿ ಜನವರಿಯಲ್ಲಿ ದಿನಗಟ್ಟಲೆ ಮಂಜು ಕವಿಯುತ್ತದೆ, ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದು ಮಾಮೂಲು. ಹೊಸಪೇಟೆಯ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿನದು, ಹಗಲಿಗೆ ಮತ್ತೆ 30ರ ಹತ್ತಿರ. ಪುಕ್ಕ ತುಂಬಿದ ಹಕ್ಕಿಗೆ ಇದು ಭಾರವಲ್ಲ.

ಹಾಗಾದರೆ ಅದರ ತಲೆ ಬೋಳೇಕೆ? ಈ ಹಕ್ಕಿಯಲ್ಲಿ ನನ್ನನ್ನು ಬಹುವಾಗಿ ಸೆಳೆಯುವುದು ಇದೇ. ಮೈತುಂಬ ಬಿಳಿ ಚುಕ್ಕಿಯ ಒತ್ತಾದ ಗರಿ, ಕತ್ತಿನ ಮೇಲ್ಭಾಗಕ್ಕೆ ಬರುತ್ತಿದ್ದಂತೆ ಗರಿ ತೆಳುವಾಗುತ್ತದೆ, ಅಲ್ಲಿಂದ ಮೇಲೆ ನೀಲಿ ಛಾಯೆಯ ಬರಿ ಚರ್ಮ, ಕೊಕ್ಕಿನ ಎರಡು ಬದಿಗೆ ಕೆಂಪು ಜೋಲು, ನೆತ್ತಿಯ ಮೇಲೆ ಶಿರಸ್ತ್ರಾಣದಂಥ ಗಟ್ಟಿ ಕೊಂಬು. ಸಂಡೂರಿನ ಅದಿರು ಲಾರಿಗೆ ರೇಡಿಯೇಟರ್ ಇದ್ದ ಹಾಗೆ ಈ ಹಕ್ಕಿಗೆ ಆ ಬೋಳುತಲೆ. ಸುಡುಬಿಸಿಲಲ್ಲಿ ಮಿದುಳು ಕಾಯದಂತೆ ರಕ್ತದ ಬಿಸಿಯನ್ನು ಚರ್ಮದಿಂದ ಹೊರಗೆ ಬಿಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಂಡೆಗಳ ಸೀಮೆಗೆ ಇಷ್ಟು ಹೊಂದುವ ಸಾಕುಹಕ್ಕಿ ಅಪರೂಪ. ಆದರೆ ಅದೇ ತಲೆ ಹಿಮ ಬೀಳುವ ನಾಡುಗಳಲ್ಲಿ ತೊಡಕಾಗುತ್ತದೆ. ಜೋಲು, ಕೊಂಬು, ಕಾಲ್ಬೆರಳು ಹೆಪ್ಪುಗಟ್ಟಿ ಕಪ್ಪಾಗಿ ಸಾಯುತ್ತವೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಸಾಕುವವರು ಅದಕ್ಕೇ ಗೂಡಿನಲ್ಲಿ ಹಕ್ಕಿ ಕೂರಲು ಪೈಪಿನ ಬದಲು ಅಗಲ ಹಲಗೆಯನ್ನು ಚಪ್ಪಟೆಯಾಗಿ ಹಾಕುತ್ತಾರೆ. ಹಕ್ಕಿ ಕುಕ್ಕರಿಸಿದಾಗ ಹೊಟ್ಟೆಯ ಗರಿ ಬೆರಳುಗಳನ್ನು ಮುಚ್ಚುತ್ತದೆ. ಹೊಸ ಹಿಮದ ಮೇಲೆ ಕಾಲಿಡಲು ಹೆದರಿ ಮರದಲ್ಲೇ ಉಳಿದುಬಿಡುವ ಸ್ವಭಾವವೂ ಇದಕ್ಕುಂಟು. ಹೀಗಾಗಿ ಸಂಜೆಗೆ ಮುಂಚೆ ಗೂಡಿಗೆ ಕಾಳು ಹಾಕಿ ಕರೆಯುವ ಅಭ್ಯಾಸವನ್ನು ಹಿಮ ಬೀಳುವ ಮೊದಲೇ ಮಾಡಿಸುತ್ತಾರೆ. ಅಷ್ಟು ಚಳಿಯ ನಾಡಿನಲ್ಲೂ ಅನುಭವಿಗಳು ಹೇಳುವುದು ಒಂದೇ: ಗೂಡು ಒಣಗಿರಲಿ, ಗಾಳಿ ನೇರವಾಗಿ ಬಡಿಯದಿರಲಿ, ಆದರೆ ಮೇಲ್ಗಡೆ ಗಾಳಿಯಾಡಲಿ.

ನಮ್ಮ ತಗಡಿನ ಗೂಡಿನಲ್ಲಿ ರಾತ್ರಿ ಏನಾಗುತ್ತದೆ ಎಂದು ಗಮನಿಸಿದರೆ ಈ ಮಾತಿನ ಅರ್ಥ ತಿಳಿಯುತ್ತದೆ. ಹತ್ತಿಪ್ಪತ್ತು ಹಕ್ಕಿಗಳ ಉಸಿರು ಮತ್ತು ಹಿಕ್ಕೆಯಿಂದ ಏಳುವ ಆವಿಗೆ ಹೊರಹೋಗಲು ದಾರಿಯಿಲ್ಲ. ತಣ್ಣಗಾದ ತಗಡಿನ ಒಳಮೈಗೆ ತಾಕಿ ಹನಿಯಾಗುತ್ತದೆ, ಹನಿ ಹಾಸಿನ ಮೇಲೆ ಬೀಳುತ್ತದೆ. ನೆಂದ ಹಾಸಿನಿಂದ ಅಮೋನಿಯಾ ಏಳುತ್ತದೆ. ಬೆಳಿಗ್ಗೆ ಬಾಗಿಲು ತೆರೆದಾಗ ಕಣ್ಣು ಉರಿಯುವಷ್ಟು ಘಾಟಿದ್ದರೆ, ರಾತ್ರಿಯಿಡೀ ಅದನ್ನು ಉಸಿರಾಡಿದ ಹಕ್ಕಿಯ ಶ್ವಾಸಕೋಶ ಉಳಿದೀತೇ? ಚಳಿಗಾಲದಲ್ಲಿ ಇಲ್ಲಿ ಗಾಳಿ ಬರುವುದು ಹೆಚ್ಚಾಗಿ ಪೂರ್ವ, ಈಶಾನ್ಯದಿಂದ. ಆ ಎರಡು ಬದಿಗೆ ಹಕ್ಕಿ ಕೂರುವ ಎತ್ತರದವರೆಗೆ ಮರೆ ಸಾಕು. ಸೂರಿನಡಿ ಒಂದು ಗೇಣು ಜಾಲರಿ ಬಿಡಿ. ಕಂಪ್ಲಿಯ ಅಕ್ಕಿ ಗಿರಣಿಯ ಭತ್ತದ ಹೊಟ್ಟೋ ಶೇಂಗಾ ಸಿಪ್ಪೆಯೋ ನಾಲ್ಕು ಬೆರಳು ದಪ್ಪ ಹಾಸಿ, ಆಗಾಗ ಒಂದು ಹಿಡಿ ತೆಗೆದು ಹಿಂಡಿ ನೋಡಿ: ಉಂಡೆ ಕಟ್ಟಿದರೆ ಬದಲಿಸಬೇಕು. ಸಂಜೆ ಒಂದಿಷ್ಟು ಮೆಕ್ಕೆಜೋಳ ಅಥವಾ ಸಜ್ಜೆ ಹಾಕಿದರೆ ರಾತ್ರಿ ಮೈ ಬೆಚ್ಚಗಿಡಲು ಒಳಗಿನಿಂದಲೇ ಆಸರೆ.

ಮರಿಗಳ ಕಥೆ ಬೇರೆಯಲ್ಲವೇ ಎಂದರೆ, ಹೌದು, ಬೇರೆಯೇ. ಮೊದಲ ವಾರ ಅವಕ್ಕೆ 35 ಡಿಗ್ರಿಯಷ್ಟು ಕಾವು ಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಆದರೆ ಮರಿಗಳು ಹೆಚ್ಚು ಸಾಯುವುದು ತಾಯಿಯ ಬೆನ್ನು ಹತ್ತಿ ಇಬ್ಬನಿಯ ಹುಲ್ಲಿನಲ್ಲಿ ನೆಂದಾಗ. ಕಾಲುವೆ ನೀರಿನ ಗದ್ದೆಯ ಬದುವಿನಲ್ಲಿ ಬಿಸಿಲೇರುವವರೆಗೂ ಇಬ್ಬನಿ ಆರುವುದಿಲ್ಲ. ಮರಿಗಳನ್ನು ಅಲ್ಲಿಯವರೆಗೆ ಹೊರಗೆ ಬಿಡದಿದ್ದರೆ ಆಯಿತು. ಮರದ ಮೇಲೆ ಮಲಗುವುದೇ ಈ ಹಕ್ಕಿಯ ಗುಣ, ಗೂಡೇಕೆ ಎನ್ನುವವರೂ ಇದ್ದಾರೆ. ಹಂಪಿ, ದರೋಜಿಯ ಬಂಡೆಗಳಲ್ಲಿ ಕೊಂಬಿನ ದೊಡ್ಡ ಗೂಬೆಗಳಿರುವಾಗ ಬೇವಿನ ಕೊಂಬೆ ಸುರಕ್ಷಿತ ಜಾಗವಲ್ಲ. ಪ್ರತಿ ವರ್ಷ ಚಳಿಗೇ ಸಾಯುತ್ತವೆ ಎಂಬ ವಾದ ಮಾತ್ರ ಅಪಾಯಕಾರಿ. ಅದು ರೋಗವನ್ನು ಮರೆಮಾಡುತ್ತದೆ. ರಾಣಿಖೇತ್ ರೋಗ ಬಂದರೂ ಹಕ್ಕಿ ಮುದುಡಿ ಕೂರುತ್ತದೆ. 2025ರ ಆರಂಭದಲ್ಲಿ ಸಂಡೂರು ತಾಲೂಕಿನ ಕುರೇಕುಪ್ಪದಲ್ಲಿ ಕೋಳಿಗಳ ಸಾವಿಗೆ ಹಕ್ಕಿಜ್ವರ ಕಾರಣವೆಂದು ತಿಳಿದದ್ದು ಪರೀಕ್ಷೆಯಿಂದ. ಆದ್ದರಿಂದ ಒಂದೇ ವಾರದಲ್ಲಿ ಎರಡು ಮೂರು ಹಕ್ಕಿ ಸತ್ತರೆ ಚಳಿಯ ಮೇಲೆ ಹಾಕಿ ಸುಮ್ಮನಾಗಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಸತ್ತ ಹಕ್ಕಿಯನ್ನು ಕಾಲುವೆಗೆ ಎಸೆಯಬೇಡಿ.